ಬಾಲ್ಟಿಕ್ ಕಡಲಿನ ಡಾರ್ಸ್: ಅಂಗಡಿಯಿಲ್ಲದ, ಗದ್ದಲವಿಲ್ಲದ ದಂಡೆಗೆ ಹೋಗಿಬರುವ ಕ್ರಮ

ಬರ್ಲಿನ್, ಹ್ಯಾಂಬರ್ಗ್, ಲೈಪ್ಸಿಗ್ ಕಡೆ ನೆಲೆಸಿರುವ ಕನ್ನಡಿಗರು ಮೇ ತಿಂಗಳು ಬಂತೆಂದರೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಬಾಲ್ಟಿಕ್ ಕಡಲು ನೋಡಬೇಕು, ಜನಜಂಗುಳಿ ಬೇಡ, ಎಲ್ಲಿಗೆ ಹೋಗೋಣ?’ ನಮ್ಮ ಉತ್ತರವೂ ಒಂದೇ. ಜರ್ಮನಿಯ ಈಶಾನ್ಯ ಮೂಲೆಯ ಮೆಕ್ಲೆನ್‌ಬುರ್ಗ್–ಫೋರ್‌ಪೊಮರ್ನ್ ರಾಜ್ಯದಲ್ಲಿ ಫಿಶ್‌ಲಾಂಡ್–ಡಾರ್ಸ್–ತ್ಸಿಂಗ್ಸ್ಟ್ ಎಂಬ ಉದ್ದನೆಯ ಪರ್ಯಾಯ ದ್ವೀಪವಿದೆ. ಅದರ ನಡುಭಾಗವೇ ಡಾರ್ಸ್. ಡಾರ್ಸ್‌ನ ಪಡುವಣ ಅಂಚು, ಅಲ್ಲಿನವರು ವೆಸ್ಟ್‌ಸ್ಟ್ರಾಂಡ್ ಎನ್ನುವ ಕಡಲತೀರ, ದಕ್ಷಿಣದ ಆರೆನ್ಸ್‌ಹೋಪ್ ಊರಿನಿಂದ ಉತ್ತರದ ದೀಪಸ್ತಂಭದವರೆಗೆ ಹದಿಮೂರು ಕಿಲೋಮೀಟರ್ ಆಸುಪಾಸು ಚಾಚಿಕೊಂಡಿದೆ. ಮುಂದೆ ಬಿಳಿ ಮರಳು, ಹಿಂದೆ ಮರಳುದಿಣ್ಣೆ, ದಿಣ್ಣೆಯ ಬೆನ್ನಿಗೆ ಬೀಚ್ (beech) ಎಂಬ ಮರ ಮತ್ತು ಪೈನ್ ಮರಗಳ ಕಾಡು. 1990ರಿಂದ ಇದು ಫೋರ್‌ಪೊಮರ್ನ್ ಬೊಡ್ಡೆನ್ ರಾಷ್ಟ್ರೀಯ ಉದ್ಯಾನದ ಭಾಗ. (ಬೊಡ್ಡೆನ್ ಎಂದರೆ ಕಡಲಿಗೂ ಒಳನಾಡಿಗೂ ನಡುವೆ ಇರುವ ಆಳವಿಲ್ಲದ ಹಿನ್ನೀರು.)

ಈ ದಂಡೆ ಇಷ್ಟು ಶಾಂತವಾಗಿರುವುದಕ್ಕೆ ಕಾರಣ ಸರಳ. ಕಾರು ಹೋಗುವುದಿಲ್ಲ, ಹೋಟೆಲಿಲ್ಲ, ಐಸ್‌ಕ್ರೀಂ ಗಾಡಿಯಿಲ್ಲ, ಜೀವರಕ್ಷಕರಿಲ್ಲ, ದಂಡೆಯುದ್ದಕ್ಕೂ ಶೌಚಾಲಯವಿಲ್ಲ. ಅಲ್ಲಿಗೆ ಹೋದವರ ತಾಪತ್ರಯಗಳೆಲ್ಲ ಹುಟ್ಟುವುದೂ ಇಲ್ಲಿಂದಲೇ. ಹೀಗಾಗಿ ತಯಾರಿ ಮನೆಯಲ್ಲೇ ಮುಗಿಯಬೇಕು.

1. ತಿಂಗಳು ಆರಿಸಿ, ಆಮೇಲೆ ಗಾಳಿ ನೋಡಿ

ಈಜಬೇಕೆನ್ನುವವರಿಗೆ ಜುಲೈ ಮತ್ತು ಆಗಸ್ಟ್. ನೀರು 17ರಿಂದ 20 ಡಿಗ್ರಿ ಇರುತ್ತದೆ. ಮಲ್ಪೆ, ಗೋಕರ್ಣದ ನೀರಿಗೆ ಒಗ್ಗಿದ ಮೈಗೆ ಇದೂ ತಣ್ಣಗೇ. ಆದರೆ ಆಗಲೇ ಶಾಲೆಗಳ ರಜೆ, ವಸತಿ ದುಬಾರಿ. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿದ್ದರೂ ನೀರು 10–12 ಡಿಗ್ರಿಯ ಆಚೀಚೆ, ಕಾಲು ತೋಯಿಸಿ ಬರಬಹುದು, ಅಷ್ಟೇ. ನಮ್ಮನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ, ಸೊಳ್ಳೆ ಕಡಿಮೆಯಾಗಿರುತ್ತದೆ, ಜನ ಊರಿಗೆ ಮರಳಿರುತ್ತಾರೆ. ತಿಂಗಳ ಕೊನೆಗೆ ಬೊಡ್ಡೆನ್ ಹಿನ್ನೀರಿಗೆ ಬೂದು ಕ್ರೌಂಚ ಪಕ್ಷಿಗಳು (ಕ್ರೇನ್) ಸಾವಿರಗಟ್ಟಲೆ ಬಂದಿಳಿಯುತ್ತವೆ.

ತಿಂಗಳಿಗಿಂತ ಮುಖ್ಯವಾದುದು ಗಾಳಿ. ಜರ್ಮನ್ ಹವಾಮಾನ ಸೇವೆಯ ಮುನ್ಸೂಚನೆಯಲ್ಲಿ ಉಷ್ಣಾಂಶವನ್ನಷ್ಟೇ ನೋಡಿ ಹೊರಡಬೇಡಿ, ಗಾಳಿಯ ದಿಕ್ಕನ್ನೂ ಬಲವನ್ನೂ ನೋಡಿ. ಬಲವನ್ನು ಬೋಫೋರ್ಟ್ ಮಾಪಕದಲ್ಲಿ (0 ಅಂದರೆ ನಿಶ್ಚಲ, 12 ಅಂದರೆ ಚಂಡಮಾರುತ) ಕೊಡುತ್ತಾರೆ. 5 ಬೋಫೋರ್ಟ್ ಎಂದರೆ ಗಂಟೆಗೆ 29–38 ಕಿ.ಮೀ. ವೇಗ. ಅಷ್ಟಾದರೆ ಒಣ ಮರಳು ಹಾರಿ ಕಣ್ಣಿಗೂ ಊಟದ ಡಬ್ಬಿಗೂ ಬೀಳುತ್ತದೆ. ಚಿಕ್ಕ ಮಕ್ಕಳಿದ್ದರೆ ಆ ದಿನ ಕಾಡಿನಲ್ಲಿ ಸೈಕಲ್ ಹೊಡೆಯಿರಿ, ದಂಡೆ ಬೇಡ.

ದಿಕ್ಕಿನ ಲೆಕ್ಕ ಹೀಗೆ. ಪಡುಗಾಳಿ ನೇರ ದಂಡೆಗೆ ಬಡಿಯುತ್ತದೆ, ಅಲೆ ಏಳುತ್ತದೆ. ನೆಲದ ಕಡೆಯಿಂದ ಬೀಸುವ ಗಾಳಿಗೆ ಕಡಲು ಕೆರೆಯ ಹಾಗೆ ಸಮತಟ್ಟಾಗಿ ಕಾಣುತ್ತದೆ, ಈಜಲು ಇದೇ ತಕ್ಕ ದಿನ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ. ಆ ಗಾಳಿ ಮೇಲ್ಪದರದ ಬೆಚ್ಚನೆಯ ನೀರನ್ನು ಆಚೆಗೆ ತಳ್ಳುತ್ತದೆ, ಅದರ ಜಾಗಕ್ಕೆ ತಳದ ತಣ್ಣೀರು ಏಳುತ್ತದೆ. ನಿನ್ನೆ 19 ಡಿಗ್ರಿ ಇದ್ದ ನೀರು ಇವತ್ತು ನಾಲ್ಕೈದು ಡಿಗ್ರಿ ಇಳಿದಿರಬಹುದು. ಗಾಳಿ ತುಂಬಿದ ಹಾಸಿಗೆ, ಟ್ಯೂಬುಗಳು ಮಕ್ಕಳ ಸಮೇತ ಒಳಗಡಲಿಗೆ ತೇಲಿಹೋಗುವುದೂ ಇಂಥ ‘ಶಾಂತ’ ದಿನಗಳಲ್ಲೇ. ಅವನ್ನು ಈ ದಂಡೆಗೆ ತರಲೇಬೇಡಿ.

2. ವಾಪಸು ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಬರ್ಲಿನ್‌ನಿಂದಲೂ ಹ್ಯಾಂಬರ್ಗ್‌ನಿಂದಲೂ ಪ್ರಾದೇಶಿಕ ರೈಲಿನಲ್ಲಿ ರಾಸ್ಟಾಕ್ ಎರಡೂವರೆ–ಮೂರು ಗಂಟೆ. ಅಲ್ಲಿಂದ ಸ್ಟ್ರಾಲ್‌ಸುಂಡ್ ಕಡೆಯ ರೈಲು ಹತ್ತಿ ರಿಬ್ನಿಟ್ಸ್–ಡಾಮ್‌ಗಾರ್ಟೆನ್ ವೆಸ್ಟ್ ನಿಲ್ದಾಣದಲ್ಲಿ ಇಳಿಯಿರಿ. ಮುಂದಕ್ಕೆ 210ನೇ ಸಂಖ್ಯೆಯ ಬಸ್ಸು ಆರೆನ್ಸ್‌ಹೋಪ್, ಬೋರ್ನ್, ವೀಕ್ ಊರುಗಳನ್ನು ದಾಟಿ, ದೀಪಸ್ತಂಭಕ್ಕೆ ಹತ್ತಿರದ ಊರಾದ ಪ್ರೇರೋ ಮುಟ್ಟಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹತ್ತಿ ಇಳಿಯುವುದು, ಕಾಯುವುದು ಎಲ್ಲ ಸೇರಿದರೆ ಒಂದು ಕಡೆಗೇ ಐದು ಗಂಟೆ. ಹಾಗಾಗಿ ಬರ್ಲಿನ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಯೋಜನೆ ಹಾಕಬೇಡಿ, ಕನಿಷ್ಠ ಒಂದು ರಾತ್ರಿ ತಂಗಿ. ರಾಸ್ಟಾಕ್‌ನಲ್ಲೇ ಇರುವವರಿಗೆ ಮಾತ್ರ ಒಂದು ದಿನ ಸಾಕು.

ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಈ ರೈಲು, ಬಸ್ಸು ಎರಡಕ್ಕೂ ಅದೇ ಸಾಕು. (ದೇಶದ ಎಲ್ಲ ಪ್ರಾದೇಶಿಕ ರೈಲು ಬಸ್ಸುಗಳಿಗೆ ನಡೆಯುವ ತಿಂಗಳ ಪಾಸು ಇದು. 2023ರ ಮೇಯಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರಲ್ಲಿ 63 ಆಯಿತು.) ವೇಗದ ಐಸಿಇ, ಐಸಿ ರೈಲುಗಳಿಗೆ ಅದು ನಡೆಯುವುದಿಲ್ಲ. ಸೈಕಲ್ಲಿಗೂ ನಡೆಯುವುದಿಲ್ಲ, ಅದಕ್ಕೆ ಬೇರೆ ಟಿಕೆಟ್ ಬೇಕು. ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಟಿಕೆಟ್ ಇದ್ದರೂ ರೈಲಿನಲ್ಲಿ ಸೈಕಲ್ ನಿಲ್ಲಿಸಲು ಜಾಗ ಸಿಗದೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕಾಗುತ್ತದೆ. ಪ್ರೇರೋದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದೇ ಸುಲಭ.

ಹೆಚ್ಚಿನವರು ಎಡವುವುದು ಸೂರ್ಯಾಸ್ತದಲ್ಲಿ. ಪಡುವಣ ದಂಡೆಯಾದ್ದರಿಂದ ಸೂರ್ಯ ಕಡಲಿನಲ್ಲೇ ಮುಳುಗುತ್ತಾನೆ, ನೋಡಲೇಬೇಕು ಅನ್ನಿಸುವುದು ಸಹಜ. ಜೂನ್ ಕೊನೆಯಲ್ಲಿ ಅದು ರಾತ್ರಿ ಒಂಬತ್ತೂಮುಕ್ಕಾಲಿಗೆ! ಅಷ್ಟು ಹೊತ್ತಿಗೆ ಬಸ್ಸನ್ನು ನಂಬುವಂತಿಲ್ಲ, ಕಾಡಿನೊಳಗೆ ಒಂದು ದೀಪವೂ ಇಲ್ಲ. ಸೂರ್ಯಾಸ್ತ ಬೇಕಿದ್ದರೆ ಪ್ರೇರೋ, ಬೋರ್ನ್, ವೀಕ್ ಅಥವಾ ಆರೆನ್ಸ್‌ಹೋಪ್‌ನಲ್ಲಿ ತಂಗಿ, ಸೈಕಲ್ಲಿಗೆ ದೀಪ ಇದೆಯೇ ಎಂದು ಬಾಡಿಗೆ ಅಂಗಡಿಯಲ್ಲೇ ಹಚ್ಚಿ ನೋಡಿ. ಕಾಡಿನಲ್ಲಾಗಲಿ ದಂಡೆಯಲ್ಲಾಗಲಿ ಡೇರೆ ಹಾಕಿ ಮಲಗುವುದು ನಿಷಿದ್ಧ.

ತಂಗಿದವರು ಕೂರ್‌ಟಾಕ್ಸೆ ಕೊಡಬೇಕು. ಕಡಲೂರುಗಳು ಪ್ರವಾಸಿಗರಿಂದ ತಲೆಗೆ ದಿನಕ್ಕಿಷ್ಟು ಎಂದು ಎತ್ತುವ ತೆರಿಗೆ ಇದು, ಕೆಲವು ಯೂರೋ ಮಾತ್ರ. ವಸತಿಯವರೇ ಚೀಟಿ ಕೊಡುತ್ತಾರೆ. ದಿನದ ಮಟ್ಟಿಗೆ ಬಂದವರಿಗೂ ಊರಿನ ದಂಡೆಗಳಲ್ಲಿ ಇದು ಅನ್ವಯ, ಯಂತ್ರದಲ್ಲಿ ಚೀಟಿ ತೆಗೆದುಕೊಳ್ಳಿ.

3. ಚೀಲದಲ್ಲಿ ಏನಿರಬೇಕು

ನೀರು: ದೊಡ್ಡವರಿಗೆ ತಲಾ ಎರಡು ಲೀಟರ್. ‘ಅಲ್ಲೇ ಕೊಳ್ಳೋಣ’ ಎಂಬ ಮಾತೇ ಇಲ್ಲ.

ಊಟ: ಪ್ರೇರೋದ ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಮೀನು ತುಂಬಿದ ಬನ್ನು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಪುಳಿಯೋಗರೆ, ಚಿತ್ರಾನ್ನ ಕೆಡುವುದಿಲ್ಲ, ನಿಜ; ಆದರೆ ಗಾಳಿಗೆ ತೆರೆದಿಟ್ಟ ಅನ್ನದಲ್ಲಿ ಎರಡು ನಿಮಿಷಕ್ಕೆ ಮರಳು ಕಚಕಚ ಎನ್ನುತ್ತದೆ. ಚಪಾತಿಗೆ ಪಲ್ಯ ಹಾಕಿ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿ. ತಿನ್ನುವಷ್ಟನ್ನೇ ಬಿಚ್ಚಿದರೆ ಆಯಿತು. ಕಸದ ಬುಟ್ಟಿ ಇರುವುದಿಲ್ಲ, ತಂದದ್ದೆಲ್ಲ ನಿಮ್ಮ ಚೀಲದಲ್ಲೇ ವಾಪಸು ಬರಬೇಕು. ಬೆಂಕಿ ಹಚ್ಚುವುದು, ಒಲೆ ಹೂಡುವುದು ಇಲ್ಲಿ ಅಪರಾಧ.

ಗಾಳಿ ತಡೆಯುವ ತೆಳು ಜಾಕೆಟ್ ಜುಲೈನಲ್ಲೂ ಬೇಕು. ಮೂವತ್ತಕ್ಕೂ ಹೆಚ್ಚಿನ ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್ ಕೂಡ. ತಂಗಾಳಿಯಲ್ಲಿ ಬಿಸಿಲು ತಾಗುವುದು ಗೊತ್ತೇ ಆಗುವುದಿಲ್ಲ, ಸಂಜೆಗೆ ಭುಜ ಉರಿಯುತ್ತದೆ. ಇವುಗಳ ಜೊತೆಗೆ ಸೊಳ್ಳೆ ಔಷಧಿ, ಚಿಮಟ, ಸಣ್ಣ ತಗಡಿನ ಡಬ್ಬಿ (ಯಾಕೆಂದು ಮುಂದೆ ಹೇಳುತ್ತೇವೆ), ಫೋನಿಗೆ ಮೊದಲೇ ಇಳಿಸಿಕೊಂಡ ನಕ್ಷೆ. ಕಾಡಿನಲ್ಲಿ ಸಿಗ್ನಲ್ ಹೋಗಿಬಂದು ಮಾಡುತ್ತದೆ.

ಮಕ್ಕಳ ತಳ್ಳುಗಾಡಿ ಮರಳಿನಲ್ಲಿ ಒಂದು ಮಾರು ಮುಂದೆ ಹೋಗುವುದಿಲ್ಲ. ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಜೋಳಿಗೆ ತನ್ನಿ.

4. ಕಾಡು ದಾಟುವುದು

ಮೂರು ದಾರಿಗಳಿವೆ.

ಪ್ರೇರೋದಿಂದ ದೀಪಸ್ತಂಭಕ್ಕೆ ಸುಮಾರು ಐದು ಕಿಲೋಮೀಟರ್. ಮೊದಲ ಸಲ ಹೋಗುವವರು ಇದನ್ನೇ ಹಿಡಿಯಿರಿ. ನಡೆದರೆ ಒಂದೂಕಾಲು ಗಂಟೆ, ಸೈಕಲ್ಲಿನಲ್ಲಿ ಅರ್ಧ ಗಂಟೆ. ನಡೆಯಲಾಗದ ಹಿರಿಯರಿದ್ದರೆ ಊರಿನಿಂದ ಕುದುರೆ ಗಾಡಿ ಹೊರಡುತ್ತದೆ. ವಾಪಸು ಗಾಡಿಯ ಕೊನೆಯ ವೇಳೆಯನ್ನು ಹತ್ತುವ ಮೊದಲೇ ಕೇಳಿಕೊಳ್ಳಿ. 1848ರಲ್ಲಿ ಕಟ್ಟಿದ, 35 ಮೀಟರ್ ಎತ್ತರದ ಇಟ್ಟಿಗೆಯ ದೀಪಸ್ತಂಭವನ್ನು ಹತ್ತಬಹುದು. ಅದರ ಬುಡದಲ್ಲಿ ಸ್ಟ್ರಾಲ್‌ಸುಂಡ್‌ನ ಜರ್ಮನ್ ಸಾಗರ ವಸ್ತುಸಂಗ್ರಹಾಲಯದ ಶಾಖೆ ‘ನಾಟುರೇಉಮ್’ ಇದೆ. ಶೌಚಾಲಯಕ್ಕೆ ಹೋಗುವುದಿದ್ದರೆ ಇಲ್ಲೇ ಮುಗಿಸಿಕೊಂಡು ದಂಡೆಗೆ ಇಳಿಯಿರಿ.

ಎರಡನೆಯದು ಆರೆನ್ಸ್‌ಹೋಪ್‌ನಿಂದ ದಂಡೆಗುಂಟ ಉತ್ತರಕ್ಕೆ ಕಾಲ್ನಡಿಗೆ. ದೀಪಸ್ತಂಭದವರೆಗೂ ನಡೆಯುವವರು ಮರಳಿನಲ್ಲಿ ಗಂಟೆಗೆ ಮೂರು ಕಿಲೋಮೀಟರ್ ಲೆಕ್ಕ ಹಿಡಿಯಿರಿ. ನಾಲ್ಕೂವರೆ ಗಂಟೆ ನಡಿಗೆ, ಆಮೇಲೆ ಪ್ರೇರೋಗೆ ಮತ್ತೆ ಐದು ಕಿಲೋಮೀಟರ್. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ದಕ್ಷಿಣದಿಂದ ಹೊರಟರೆ ಅದು ಬೆನ್ನಿಗೆ ಬೀಳುತ್ತದೆ, ಉತ್ತರದಿಂದ ಹೊರಟರೆ ದಿನವಿಡೀ ಮುಖಕ್ಕೆ. ಒದ್ದೆ ಮರಳಿನ ಗಟ್ಟಿ ಪಟ್ಟಿಯ ಮೇಲೆ ನಡೆದರೆ ಮೀನಖಂಡ ಉಳಿಯುತ್ತದೆ.

ಕಾರಿನಲ್ಲಿ ಬಂದವರು ಪ್ರೇರೋ, ಬೋರ್ನ್ ಅಥವಾ ಆರೆನ್ಸ್‌ಹೋಪ್–ಬೋರ್ನ್ ನಡುವಿನ ಡ್ರೈ ಐಖೆನ್ ತಂಗುದಾಣದಲ್ಲಿ ಗಾಡಿ ನಿಲ್ಲಿಸಿ ಮುಂದಕ್ಕೆ ನಡೆಯಬೇಕು. ರಸ್ತೆ ಪಕ್ಕದ ಹುಲ್ಲಿನಲ್ಲಿ ನಿಲ್ಲಿಸಿದರೆ ದಂಡದ ಚೀಟಿ ಖಚಿತ.

ಕಾಡಿನೊಳಗಿನ ನೇರ ದಾರಿಗಳನ್ನು ‘ಗೆಷ್ಟೆಲ್’ ಎನ್ನುತ್ತಾರೆ. ಹಿಂದೆ ಅರಣ್ಯದವರು ಕಾಡನ್ನು ಚೌಕ ಚೌಕವಾಗಿ ಸೀಳಿ ಮಾಡಿದ ಗಡಿಗೆರೆಗಳಿವು. ಒಂದಕ್ಕೊಂದು ತದ್ರೂಪ, ಹಾಗಾಗಿ ದಾರಿ ತಪ್ಪುವುದು ಸುಲಭ. ಪ್ರತಿ ಕೂಡುದಾರಿಯಲ್ಲೂ ಫಲಕ ಓದಿ. ಸೈಕಲ್ ಗುರುತಿರುವ ದಾರಿಯಲ್ಲಷ್ಟೇ ಸೈಕಲ್. ದಂಡೆ ಹತ್ತಿರವಾದಂತೆ ಮರಳು ಸಡಿಲವಾಗುತ್ತದೆ, ಸಪೂರ ಟೈರು ಹೂತುಕೊಂಡು ಮುಂದಿನ ಚಕ್ರ ತಿರುಚುತ್ತದೆ. ಬಾಡಿಗೆಗೆ ಕೊಳ್ಳುವಾಗಲೇ ಅಗಲ ಟೈರಿನದು ಕೇಳಿ. ದಂಡೆಯ ಬಾಯಲ್ಲಿ ಸೈಕಲ್ ನಿಲ್ಲಿಸಿ ಬೀಗ ಹಾಕಿ. ಮರಳಿನ ಮೇಲೆ ಅದಕ್ಕೆ ಪ್ರವೇಶವಿಲ್ಲ.

5. ದಿಣ್ಣೆಯನ್ನು ದಾಟುವ ಒಂದೇ ಜಾಗ

ಇಲ್ಲಿ ಸ್ವಲ್ಪ ನಿಲ್ಲೋಣ, ಹೆಚ್ಚು ಜನ ತಪ್ಪು ಮಾಡುವುದು ಇಲ್ಲೇ. ಮರಳುದಿಣ್ಣೆ ಮಕ್ಕಳಿಗೆ ಜಾರುಬಂಡೆಯಂತೆ ಕಾಣುತ್ತದೆ. ಅದನ್ನು ಹಿಡಿದಿಟ್ಟಿರುವುದು ಸ್ಟ್ರಾಂಡ್‌ಹಾಫರ್ ಎಂಬ ಗಡುಸು ಹುಲ್ಲು. ಗಾಳಿ ತಂದ ಮರಳು ಹುಲ್ಲಿಗೆ ತಡೆದು ನಿಲ್ಲುತ್ತದೆ, ಹುಲ್ಲು ಹೂತಷ್ಟೂ ಮೇಲಕ್ಕೆ ಬೆಳೆಯುತ್ತದೆ, ಬೇರು ಮೀಟರುಗಟ್ಟಲೆ ಕೆಳಗಿಳಿದು ಮರಳನ್ನು ಹೆಣೆಯುತ್ತದೆ. ಮರಳು ಎಷ್ಟು ಸುರಿದರೂ ಸಾಯದ ಈ ಹುಲ್ಲು ತುಳಿತಕ್ಕೆ ಮಾತ್ರ ಸಾಯುತ್ತದೆ. ನಾಲ್ಕು ಜನ ಒಂದೇ ಜಾಗದಲ್ಲಿ ಹತ್ತಿಳಿದರೆ ಬೋಳು ಗೀಟು ಬೀಳುತ್ತದೆ. ಗಾಳಿ ಆ ಗೀಟನ್ನು ಕೊರೆದು ಕಂದಕ ಮಾಡುತ್ತದೆ, ಚಳಿಗಾಲದ ಬಿರುಗಾಳಿಯಲ್ಲಿ ಕಡಲು ಅಲ್ಲಿಂದಲೇ ಒಳನುಗ್ಗುತ್ತದೆ. ಇದು ಹೆದರಿಸುವ ಮಾತಲ್ಲ. 1872ರ ನವೆಂಬರ್ 13ರ ಕಡಲುಕ್ಕಿನಲ್ಲಿ ಈ ಇಡೀ ಕರಾವಳಿ ಮುಳುಗಿತ್ತು. ಪ್ರೇರೋ ಬಳಿ ಕಡಲಿಗೂ ಬೊಡ್ಡೆನ್‌ಗೂ ನಡುವೆ ಹರಿಯುತ್ತಿದ್ದ ಕಾಲುವೆಯ ಬಾಯಿಯನ್ನು ಆಮೇಲೆ 1874ರಲ್ಲಿ ಮುಚ್ಚಿದರು.

ಹಾಗಾಗಿ ಗುರುತು ಹಾಕಿದ ಹಾದಿಯಲ್ಲೇ ದಿಣ್ಣೆ ದಾಟಬೇಕು. ‘ಬೆಟ್ರೆಟೆನ್ ಫರ್‌ಬೋಟೆನ್’ ಎಂಬ ಫಲಕ ಕಂಡರೆ ಒಳಗೆ ಕಾಲಿಡುವಂತಿಲ್ಲ ಎಂದರ್ಥ, ಬೇಲಿ ಮುರಿದುಬಿದ್ದಿದ್ದರೂ ಅಷ್ಟೇ. ಗಾಳಿಗೆ ಮರೆಯಾಗುತ್ತದೆಂದು ದಿಣ್ಣೆಯ ತಗ್ಗಿನಲ್ಲಿ ಚಾಪೆ ಹಾಸಬೇಡಿ. ಶೌಚಕ್ಕೂ ದಿಣ್ಣೆಯ ಮರೆ ಬೇಡ. ಅಲ್ಲಿ ಕ್ರಾಯ್ಟ್ಸ್‌ಓಟರ್ ಎಂಬ ವಿಷದ ಹಾವೂ ಬಿಸಿಲು ಕಾಯಿಸುತ್ತಿರುತ್ತದೆ. ದೀಪಸ್ತಂಭದ ಉತ್ತರಕ್ಕಿರುವ ಹೊಸ ದಿಣ್ಣೆಗಳನ್ನು ನೋಡಲು ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಬಿಳಿ ದಿಣ್ಣೆ ಹೇಗೆ ವಯಸ್ಸಾಗುತ್ತ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಕಾಡಾಗುತ್ತದೆ ಎಂಬುದು ಆ ಹಲಗೆಯ ಮೇಲೆ ನಿಂತೇ ಕಾಣುತ್ತದೆ. ಪಡುವಣ ದಂಡೆಯಲ್ಲಿ ಕಡಲು ಕೊರೆದ ಮರಳೇ ಉತ್ತರಕ್ಕೆ ಸಾಗಿ ಇಲ್ಲಿ ನೆಲವಾಗುತ್ತಿರುವುದು. ಡ್ರೋನ್ ಹಾರಿಸಬೇಡಿ, ಉದ್ಯಾನದಲ್ಲಿ ಅದಕ್ಕೆ ನಿಷೇಧವಿದೆ.

6. ಎಲ್ಲಿ ಕೂರುವುದು

ದಿಣ್ಣೆಯ ಬುಡಕ್ಕೂ ಅಲೆಯ ಅಂಚಿಗೂ ನಡುವಿನ ಒಣ ಮರಳಿನಲ್ಲಿ. ಬಾಲ್ಟಿಕ್‌ನಲ್ಲಿ ಉಬ್ಬರ ಇಳಿತ ಬರೀ ಸೆಂಟಿಮೀಟರುಗಳ ಲೆಕ್ಕ, ಕಾರವಾರದ ಹಾಗೆ ಮಧ್ಯಾಹ್ನಕ್ಕೆ ಚಾಪೆ ಎತ್ತಿ ಓಡಬೇಕಾಗಿಲ್ಲ. ನೀರು ಏರುವುದಿದ್ದರೆ ಅದು ಗಾಳಿಯ ಕೆಲಸ.

ದಂಡೆಯುದ್ದಕ್ಕೂ ಬೇರು ಸಮೇತ ಉರುಳಿದ ಮರಗಳು ಬಿದ್ದಿರುತ್ತವೆ. ಗಾಳಿಗೆ ಬೆನ್ನು ಕೊಡಲು ಅವೇ ಸಾಕು. ಆದರೆ ಅಂಚಿನಲ್ಲಿ ಅರ್ಧ ಬೇರು ಗಾಳಿಗೆ ತೆರೆದುಕೊಂಡು ನಿಂತಿರುವ ಮರದ ಕೆಳಗೆ ಕೂರಬೇಡಿ. ಮುಂದೆ ಉರುಳುವುದು ಅದೇ.

ಇನ್ನೊಂದು ಮಾತು, ಕುಟುಂಬ ಸಮೇತ ಹೋಗುವವರಿಗೆ. ಇಲ್ಲಿ ಬಟ್ಟೆಯಿಲ್ಲದೆ ಈಜುವವರೂ ಇರುತ್ತಾರೆ. ಎಫ್‌ಕೆಕೆ ಎಂದು ಕರೆಯುವ ಈ ರೂಢಿ ಪೂರ್ವ ಜರ್ಮನಿಯ ಕಾಲದಿಂದಲೂ ಈ ಕರಾವಳಿಯಲ್ಲಿ ತೀರಾ ಸಾಮಾನ್ಯ. ನೀವು ಬಟ್ಟೆ ತೊಟ್ಟು ಕುಳಿತರೆ ಯಾರೂ ಏನೂ ಅನ್ನುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೆ ಮೊದಲೇ ಹೇಳಿ ಕರೆದೊಯ್ಯಿರಿ, ದಂಡೆಯ ಮೇಲೆ ಮುಜುಗರ ತಪ್ಪುತ್ತದೆ. ಫೋಟೋ ತೆಗೆಯುವಾಗ ಹಿನ್ನೆಲೆಯಲ್ಲಿ ಯಾರಿದ್ದಾರೆ ಎಂದು ಎರಡು ಸಲ ನೋಡಿ. ತಿಳಿಯದೆ ತೆಗೆದರೂ ಜಗಳವಾಗುತ್ತದೆ.

7. ನೀರಿಗಿಳಿಯುವಾಗ

ಇಲ್ಲಿನ ನೀರಿನಲ್ಲಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪು, ಅರಬ್ಬಿ ಸಮುದ್ರದಲ್ಲಿ 35–36 ಗ್ರಾಂ. ಉಪ್ಪು ಕಡಿಮೆಯಾದಷ್ಟೂ ಮೈ ತೇಲುವುದು ಕಡಿಮೆ. ಊರಿನ ಕಡಲಿನಲ್ಲಿ ಸಲೀಸಾಗಿ ತೇಲುವವರಿಗೂ ಇಲ್ಲಿ ಬೇಗ ಸುಸ್ತಾಗುತ್ತದೆ. ಮೊದಲು ಮೊಣಕಾಲವರೆಗೆ ನಿಂತು, ಎದೆ, ಕತ್ತಿಗೆ ನೀರು ಹಚ್ಚಿಕೊಂಡು ಇಳಿಯಿರಿ. ಬಿಸಿಲಿನಿಂದೆದ್ದು ನೇರ ಧುಮುಕಿದರೆ ಉಸಿರು ಸಿಕ್ಕಿಕೊಳ್ಳುತ್ತದೆ.

ಅಲೆಯಿರುವ ದಿನ ಸೆಳೆತದ ಬಗ್ಗೆ ಎಚ್ಚರ. ದಂಡೆಗೆ ಸಮಾನಾಂತರವಾಗಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಅಲೆ ತಂದ ನೀರು ಆ ದಿಬ್ಬಗಳ ನಡುವಿನ ಸಂದಿನಿಂದ ರಭಸವಾಗಿ ಹಿಂದಕ್ಕೆ ಹರಿಯುತ್ತದೆ. ಅಕ್ಕಪಕ್ಕ ಅಲೆ ಮುರಿಯುತ್ತಿದ್ದು ನಡುವೆ ಮಾತ್ರ ನೀರು ನಯವಾಗಿ, ಮರಳು ಬಣ್ಣಕ್ಕೆ ಕಂಡರೆ ಅದೇ ಸೆಳೆತದ ಜಾಗ. ಸಿಕ್ಕಿಕೊಂಡರೆ ದಂಡೆಯತ್ತ ಈಜಬೇಡಿ. ದಂಡೆಗುಂಟ ಅಡ್ಡಲಾಗಿ ಈಜಿ ಸೆಳೆತದಿಂದ ಹೊರಬನ್ನಿ, ಆಮೇಲೆ ಅಲೆಯೊಂದಿಗೆ ತೀರಕ್ಕೆ. ಈಜು ಬಾರದವರು, ಮಕ್ಕಳು ನೀರಾಡುವುದಿದ್ದರೆ ಪ್ರೇರೋ ಊರಿನ ದಂಡೆಗೇ ಹೋಗಿ. ಅಲ್ಲಿ ಬೇಸಿಗೆಯಲ್ಲಿ ಕಾವಲಿರುತ್ತದೆ. ಕೆಂಪು–ಹಳದಿ ಬಾವುಟ ಹಾರುತ್ತಿದ್ದರೆ ಕಾವಲುಗಾರರಿದ್ದಾರೆ, ಜೊತೆಗೆ ಹಳದಿ ಏರಿದರೆ ಮಕ್ಕಳಿಗೆ ಮತ್ತು ಈಜು ಕಚ್ಚಾ ಇರುವವರಿಗೆ ಬೇಡ, ಕೆಂಪು ಬಂತೆಂದರೆ ಯಾರೂ ಇಳಿಯುವಂತಿಲ್ಲ. ತುರ್ತು ಸಂಖ್ಯೆ 112.

ಬೇಸಿಗೆಯ ತುದಿಯಲ್ಲಿ ನೀರು 20 ಡಿಗ್ರಿ ದಾಟಿದಾಗ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಆರೋಗ್ಯವಂತರಿಗೆ ತೊಂದರೆ ಅಪರೂಪ. ಮೈಮೇಲೆ ಆರದ ಗಾಯವಿರುವವರು, ಸಕ್ಕರೆ ಕಾಯಿಲೆ ಅಥವಾ ಲಿವರ್ ತೊಂದರೆಯ ಹಿರಿಯರು ಆಗ ನೀರಿಗಿಳಿಯದಿರುವುದೇ ಕ್ಷೇಮ. ನೀರಿನ ಮೇಲೆ ಹಸಿರು ಕೆನೆ ಕಟ್ಟಿದ್ದರೆ ಅದು ನೀಲಿಹಸಿರು ಪಾಚಿ; ಆ ದಿನ ಯಾರಿಗೂ ಸ್ನಾನ ಬೇಡ. ತಟ್ಟೆಯಂಥ ಪಾರದರ್ಶಕ ಲೋಳೆಮೀನು ಕಚ್ಚುವುದಿಲ್ಲ, ಕೆಂಪು ಎಳೆಗಳಿರುವುದು ಅಪರೂಪ, ಆದರೆ ಸುಡುತ್ತದೆ.

8. ಅಂಬರ್ ಹುಡುಕುವವರು ಇದನ್ನು ಓದದೆ ಹೋಗಬೇಡಿ

ಅಂಬರ್ ಎಂದರೆ ಕೋಟ್ಯಂತರ ವರ್ಷ ಹಿಂದಿನ ಮರದ ಅಂಟು ಗಟ್ಟಿಯಾಗಿ ಆದ ಹಳದಿ ಹರಳು. ಅದು ನೀರಿಗಿಂತ ತುಸುವೇ ಭಾರ. ಆದ್ದರಿಂದ ಬಿರುಗಾಳಿ ತಳ ಕಲಕಿದಾಗ ಎದ್ದು, ಪಾಚಿ, ಕಡ್ಡಿಕಸದ ಜೊತೆ ದಂಡೆಗೆ ಬರುತ್ತದೆ. ಶರತ್ಕಾಲ, ಚಳಿಗಾಲದ ಪಡುಗಾಳಿ ಇಳಿದ ಮರುದಿನ ಬೆಳಿಗ್ಗೆ ಆ ಕಪ್ಪು ಕಸದ ಸಾಲಿನಲ್ಲೇ ಹುಡುಕಿ. ಶುಭ್ರ ಮರಳಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಗೆಯಬೇಡಿ.

ಸಿಕ್ಕಿದ್ದನ್ನು ಜೇಬಿಗೆ ಹಾಕಬೇಡಿ. ಎರಡನೇ ಮಹಾಯುದ್ಧದ ಬೆಂಕಿಬಾಂಬುಗಳ ಬಿಳಿ ರಂಜಕದ ಉಂಡೆಗಳು ಇವತ್ತಿಗೂ ಈ ಕಡಲಿನಿಂದ ಹೊರಬರುತ್ತವೆ. ಪೂರ್ವಕ್ಕಿರುವ ಊಸೆಡೋಮ್ ದ್ವೀಪದಲ್ಲಿ ಹೆಚ್ಚು, ಆದರೆ ಎಚ್ಚರಿಕೆ ಎಲ್ಲ ಕಡೆಗೂ ಒಂದೇ. ಒದ್ದೆಯಿದ್ದಾಗ ಅವು ಅಂಬರ್‌ನಂತೆಯೇ ಕಾಣುತ್ತವೆ. ಒಣಗಿ ಮೈಶಾಖ ತಾಗಿದರೆ ತಾವಾಗಿ ಹೊತ್ತಿಕೊಳ್ಳುತ್ತವೆ, ಸಾವಿರ ಡಿಗ್ರಿಗೂ ಮೀರಿ ಉರಿಯುತ್ತವೆ. ತಗಡಿನ ಡಬ್ಬಿ ಇದಕ್ಕೇ. ಡಬ್ಬಿಯಲ್ಲಿ ಹಾಕಿ, ಚೀಲದ ಹೊರಗೆ, ಮೈಯಿಂದ ದೂರ ಇಟ್ಟು ಪೂರ್ತಿ ಒಣಗಲು ಬಿಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಆ ಬಟ್ಟೆಯನ್ನು ತಕ್ಷಣ ಕಳಚಿ ಎಸೆಯಿರಿ, ಸುಟ್ಟ ಜಾಗವನ್ನು ನೀರಿನಲ್ಲೇ ಇಟ್ಟುಕೊಂಡು 112ಕ್ಕೆ ಕರೆ ಮಾಡಿ.

ಒಣಗಿದ ಮೇಲೆ ಮನೆಯಲ್ಲಿ ಪರೀಕ್ಷೆ: 200 ಮಿಲಿ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಕರಗಿಸಿ ಹರಳನ್ನು ಬಿಡಿ. ಅಂಬರ್ ತೇಲುತ್ತದೆ, ಬೆಣಚುಕಲ್ಲು, ಗಾಜು ಮುಳುಗುತ್ತವೆ. ಕೆಲವು ಪ್ಲಾಸ್ಟಿಕ್ ಕೂಡ ತೇಲುತ್ತದೆ, ಆದ್ದರಿಂದ ತೇಲಿತೆಂದು ಹಿಗ್ಗಿ ಆಭರಣದಂಗಡಿಗೆ ಓಡಬೇಡಿ.

9. ವಾಪಸು ಬಂದ ರಾತ್ರಿ

ಸ್ನಾನಕ್ಕೆ ಮುಂಚೆ ಎಲ್ಲರ ಮೈಯನ್ನೂ ಉಣ್ಣಿಗಾಗಿ ನೋಡಿ. ಮಲೆನಾಡಿನವರು ಉಣುಗು ಎನ್ನುವುದು ಇದನ್ನೇ. ಅಲ್ಲಿ ಅದು ಮಂಗನ ಕಾಯಿಲೆ ತರುತ್ತದೆ, ಇಲ್ಲಿ ಲೈಮ್ ಕಾಯಿಲೆ (ಜರ್ಮನ್ ವೈದ್ಯರ ಬಾಯಲ್ಲಿ ಬೊರೆಲಿಯೋಸೆ). ಕಾಡಿನ ಹುಲ್ಲಿನಿಂದ ಹತ್ತಿ ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಲ್ಲಾದರೆ ಕೂದಲಿನಂಚಿನಲ್ಲಿ ಕಚ್ಚಿಕೊಂಡಿರುತ್ತದೆ. ಗಸಗಸೆಯಷ್ಟು ಸಣ್ಣದೂ ಇರುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗಿಸಿ ತಲೆಯ ಬಳಿ ಹಿಡಿದು ನಿಧಾನಕ್ಕೆ ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ಮುಟ್ಟಿಸುವುದು ಬೇಡ. ಉಣ್ಣಿ ಒದ್ದಾಡಿ ತನ್ನ ಹೊಟ್ಟೆಯ ರಸವನ್ನು ಗಾಯಕ್ಕೆ ಕಕ್ಕುತ್ತದೆ, ಸೋಂಕು ದಾಟುವುದು ಹಾಗೆಯೇ. ಕಚ್ಚಿದ ತಾರೀಕು ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ, ನೋವಿಲ್ಲದಿದ್ದರೂ, ಮನೆವೈದ್ಯರ ಬಳಿ ಹೋಗಿ ಆ ತಾರೀಕು ಹೇಳಿ. ಈ ಹಂತದಲ್ಲಿ ಆ್ಯಂಟಿಬಯೋಟಿಕ್ ಮಾತ್ರೆಗಳಿಂದಲೇ ವಾಸಿಯಾಗುತ್ತದೆ.